ಯಾರೂ ಕಾಣದ ಹೊಡೆತ

ಪ್ರವಾಸಕ್ಕೆ ಹೊರಟವನ ಸ್ವಭಾವವನ್ನು ತಿಳಿಯಬೇಕಾದರೆ ಅವನು ಪೆಟ್ಟಿಗೆ ತುಂಬುವಾಗ ಪಕ್ಕದಲ್ಲಿ ಕುಳಿತಿರಬೇಕೆಂದು ನಾನು ಬಹುಕಾಲ ನಂಬಿದ್ದೆ. ಈಗ ಆ ಅಭಿಪ್ರಾಯವನ್ನು ಸ್ವಲ್ಪ ತಿದ್ದಿಕೊಂಡಿದ್ದೇನೆ. ಅವನು ಪ್ರವಾಸದ ವಿಮೆಯನ್ನು ಆರಿಸುವಾಗ ಪಕ್ಕದಲ್ಲಿ ಕುಳಿತಿರಬೇಕು. ಪೆಟ್ಟಿಗೆಯಲ್ಲಿ ಅವನಿಗೆ ಏನು ಬೇಕೆಂಬುದು ಮಾತ್ರ ಕಾಣುತ್ತದೆ. ವಿಮೆಯ ಅರ್ಜಿಯಲ್ಲಿ ಅವನಿಗೆ ಯಾವುದರ ಭಯ, ಯಾವುದರ ಮೇಲೆ ಮಮತೆ, ಯಾವುದನ್ನು ಮುಚ್ಚಿಡುವ ಆಸೆ ಎಂಬುದೆಲ್ಲ ಬಯಲಾಗುತ್ತದೆ.

ಹೀಗೆ ಕುಳಿತುಕೊಳ್ಳುವ ಯೋಗ ನನಗೆ ಒದಗಿದುದು ನಮ್ಮ ಬೀದಿಯ ಸ್ನೇಹಿತರೊಬ್ಬರಿಂದ. ಅವರನ್ನು ಈ ಬರಹದ ಮಟ್ಟಿಗೆ ರಾಯರು ಎಂದರೆ ಸಾಕು. ವಯಸ್ಸು 67. ಉದ್ಯೋಗದಿಂದ ನಿವೃತ್ತರಾದರೂ ಗಾಲ್ಫ್ ಆಟದಿಂದ ನಿವೃತ್ತರಾಗಿಲ್ಲ. ಬೆಂಗಳೂರಿಗೆ ಈ ಆಟ ಹೊಸದೇನೂ ಅಲ್ಲ. ಇಲ್ಲಿಯ ಗಾಲ್ಫ್ ಕ್ಲಬ್ಬು ಹುಟ್ಟಿದುದು 1876ರಲ್ಲಿ. ಆದರೆ ಭಕ್ತನಾದವನಿಗೆ ಊರ ದೇವಸ್ಥಾನವಿದ್ದರೂ ಒಮ್ಮೆ ಕಾಶಿಗೆ ಹೋಗಿಬರಬೇಕೆಂಬ ಹಂಬಲ ಇದ್ದೇ ಇರುತ್ತದೆ. ಗಾಲ್ಫ್ ಆಟದವರ ಕಾಶಿ ಎಂದರೆ ಸ್ಕಾಟ್ಲೆಂಡಿನ ಕಡಲತಡಿಯ ಸೇಂಟ್ ಆಂಡ್ರೂಸ್. ಪ್ರಜೆಗಳು ಬಿಲ್ಲುವಿದ್ಯೆಯನ್ನು ಬಿಟ್ಟು ಚೆಂಡಿನ ಹಿಂದೆ ಬಿದ್ದರೆಂದು ಅಲ್ಲಿಯ ಪಾರ್ಲಿಮೆಂಟು 1457ರಲ್ಲಿ ಈ ಆಟವನ್ನು ನಿಷೇಧಿಸಿತ್ತು. ಇಂದು ಜಗತ್ತಿನಲ್ಲೆಲ್ಲ ಪೂರ್ಣ ಆಟಕ್ಕೆ ಹದಿನೆಂಟು ಕುಳಿಗಳಿರುವುದೂ 1764ರಲ್ಲಿ ಸೇಂಟ್ ಆಂಡ್ರೂಸಿನ ಜನ ತಮ್ಮ ಮೈದಾನದ ಕುಳಿಗಳನ್ನು ಹದಿನೆಂಟಕ್ಕೆ ಇಳಿಸಿಕೊಂಡುದರಿಂದಲೇ. ರಾಯರೂ ಅವರ ಮೂವರು ಗೆಳೆಯರೂ ಹತ್ತು ವರ್ಷಗಳಿಂದ ಮಾತಿನಲ್ಲೇ ಈ ಯಾತ್ರೆ ಮಾಡುತ್ತಿದ್ದರು. ಕಳೆದ ವರ್ಷ ಅದು ಕೊನೆಗೂ ಟಿಕೆಟಿನ ಮಟ್ಟಕ್ಕೆ ಬಂದಿತು. ರಾಯರ ಪತ್ನಿಯೂ ಜೊತೆಗೆ ಹೊರಟರು.

ನನಗೆ ಗಾಲ್ಫ್ ತಿಳಿಯದು. ಆಡುವ ಕೋಲಿಗೂ ಕ್ಲಬ್ಬೆಂದೇ ಹೆಸರು, ಆಡಿದ ಮೇಲೆ ಕುಳಿತು ಕುಡಿಯುವ ಕಟ್ಟಡಕ್ಕೂ ಕ್ಲಬ್ಬೆಂದೇ ಹೆಸರು ಎಂಬಲ್ಲಿಗೆ ನನ್ನ ಜ್ಞಾನ ಮುಗಿಯುತ್ತದೆ. ಆದರೆ ಮೂವತ್ತು ವರ್ಷ ಗುಮಾಸ್ತೆಗಿರಿ ಮಾಡಿದವನಾದ್ದರಿಂದ ಅರ್ಜಿ ತುಂಬುವ ಕೆಲಸದಲ್ಲಿ ನನಗೆ ಸ್ವಲ್ಪ ಹೆಸರಿದೆ. ಒಂದು ಸಂಜೆ ರಾಯರು ಕರೆದರು. ಹೋದೆ. ಕಂಪ್ಯೂಟರಿನ ತೆರೆಯ ಮೇಲೆ ಮೂರು ಪಾಲಿಸಿಗಳು ಕನ್ಯಾಪರೀಕ್ಷೆಗೆ ಕುಳಿತಂತೆ ಸಾಲಾಗಿ ಕುಳಿತಿದ್ದವು.

ಮೊದಲನೆಯದು ಸಾಧುಸ್ವಭಾವದ ಪಾಲಿಸಿ. ಕಾಯಿಲೆಯಾದರೆ ಆಸ್ಪತ್ರೆ, ಪಾಸ್‌ಪೋರ್ಟು ಕಳೆದರೆ ಖರ್ಚು, ಇಷ್ಟೇ. ಎರಡನೆಯದರಲ್ಲಿ ಸಾಮಾನಿಗೆ ಹೆಚ್ಚಿನ ರಕ್ಷಣೆ. ಮೂರನೆಯದು ಗಾಲ್ಫ್ ಆಟದವರಿಗೆಂದೇ ಸಿಂಗರಿಸಿಕೊಂಡು ಬಂದುದು. ಕೋಲುಗಳು ವಿಮಾನದಲ್ಲಿ ಮುರಿದರೆ ಪರಿಹಾರ. ಬರುವುದು ತಡವಾದರೆ ಬಾಡಿಗೆಯ ಕೋಲಿಗೆ ಹಣ. ಮುಂಗಡ ಕಟ್ಟಿದ ಮೈದಾನದ ಶುಲ್ಕ ಕಾಯಿಲೆಯಿಂದಾಗಿ ವ್ಯರ್ಥವಾದರೆ ಅದೂ ವಾಪಸು. ರಾಯರು ಒಂದೊಂದು ಕೋಲಿಗೂ ಮಿತಿಯೆಷ್ಟು, ಹಳೆಯದೆಂದು ಬೆಲೆಯಲ್ಲಿ ಎಷ್ಟು ಕಳೆಯುತ್ತಾರೆ ಎಂದು ವಿಚಾರಿಸಿ ಒಂದು ಗಂಟೆ ಕಳೆದರು. ಹೆಣ್ಣು ಕೊಡುವಾಗಲೂ ಅವರು ಇಷ್ಟು ವಿಚಾರಿಸಿರಲಾರರು.

ಮುಂದಿನ ಷರತ್ತನ್ನು ಓದಿದಾಗ ನನಗೆ ನಗು ಬಂದಿತು. ಒಂದೇ ಹೊಡೆತಕ್ಕೆ ಚೆಂಡು ಕುಳಿಗೆ ಬಿದ್ದರೆ ಕಂಪನಿ ಇಂತಿಷ್ಟು ಹಣ ಕೊಡುತ್ತದೆಯಂತೆ! ಅದೃಷ್ಟ ಒಲಿದರೂ ವಿಮೆಯೆ ಎಂದು ಕೇಳಿದೆ. ರಾಯರು ವಿವರಿಸಿದರು. ಹಾಗೆ ಹೊಡೆದವನು ಆ ದಿನ ಕ್ಲಬ್ಬಿನಲ್ಲಿರುವವರಿಗೆಲ್ಲ ಪಾನೀಯ ಕೊಡಿಸಬೇಕೆಂಬುದು ಆಟದ ಸಂಪ್ರದಾಯ. ಜಪಾನಿನಲ್ಲಿ ಈ ಸಂತೋಷದ ಖರ್ಚು ಎಷ್ಟು ಬೆಳೆದಿದೆಯೆಂದರೆ ಅಲ್ಲಿ ಇದೊಂದಕ್ಕೇ ವಿಮೆ ಮಾಡಿಸುವವರು ಬಹಳ. ಸಾಧಾರಣ ಆಟಗಾರನಿಗೆ ಇಂಥ ಹೊಡೆತ ಸುಮಾರು 12,500ಕ್ಕೆ ಒಂದು ಬಾರಿ ಎಂದು ಲೆಕ್ಕ ಹೇಳುವುದುಂಟು. ಆ ಒಂದಕ್ಕಾಗಿ ರಾಯರು ಕಾಲು ಗಂಟೆ ಕನಸು ಕಂಡರು.

ಅನಂತರ ಬಂದುದು ಪರರಿಗೆ ಆಗುವ ಹಾನಿಯ ಮಾತು. ನಿಮ್ಮ ಚೆಂಡು ಬೇರೊಬ್ಬರಿಗೆ ತಗುಲಿದರೆ ಆ ಹೊಣೆಯನ್ನು ಕಂಪನಿ ಎಷ್ಟರಮಟ್ಟಿಗೆ ಹೊರುತ್ತದೆ ಎಂಬುದು. ಇದು ಬರಿಯ ಕಲ್ಪನೆಯಲ್ಲ. 2018ರಲ್ಲಿ ಪ್ಯಾರಿಸಿನ ಬಳಿ ನಡೆದ ರೈಡರ್ ಕಪ್ ಪಂದ್ಯದಲ್ಲಿ ಜಗತ್ತಿನ ಶ್ರೇಷ್ಠ ಆಟಗಾರರಲ್ಲೊಬ್ಬರು ಹೊಡೆದ ಚೆಂಡು ತಗುಲಿ ನೋಡಲು ಬಂದಿದ್ದ ಮಹಿಳೆಯೊಬ್ಬರು ಒಂದು ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಸೇಂಟ್ ಆಂಡ್ರೂಸಿನ ಹಳೆಯ ಮೈದಾನದಲ್ಲಂತೂ ಮೊದಲನೆಯ ಮತ್ತು ಹದಿನೆಂಟನೆಯ ಹಾದಿಗಳನ್ನು ಅಡ್ಡಹಾಯ್ದು ಒಂದು ಸಾರ್ವಜನಿಕ ದಾರಿಯೇ ಹೋಗುತ್ತದೆ. ತಾಯಿ ಮಗುವಿನ ಕೈ ಹಿಡಿದು ಕಡಲತೀರಕ್ಕೆ ಹೊರಟಿರಬಹುದು. ಮೋಟಾರು ವಾಹನದಿಂದ ಆದ ಹಾನಿಯನ್ನು ಹೊರಗಿಡುವ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ. ಮೈದಾನದಲ್ಲಿ ಓಡಾಡುವ ಪುಟ್ಟ ಬಗ್ಗಿಯೂ ಅದರಲ್ಲಿ ಸೇರಬಹುದು. ಇದನ್ನು ನಾನು ಹೇಳಿದಾಗ ರಾಯರು, "ನಾನು ನೇರವಾಗಿಯೇ ಹೊಡೆಯೋದು ಸ್ವಾಮಿ, ಮುಂದಕ್ಕೆ ಹೋಗಿ" ಎಂದರು. ಪರರ ಕಣ್ಣಿಗೆ ಸಿಕ್ಕಿದುದು ಎರಡು ನಿಮಿಷ.

ಮುಂದೆ ಹೋದೆವು. ಪ್ರಶ್ನೆ ಹೀಗಿತ್ತು: ನಿಮಗೆ ಈ ಮೊದಲೇ ಹೃದಯದ ಕಾಯಿಲೆ, ಮಧುಮೇಹ, ರಕ್ತದೊತ್ತಡ ಮುಂತಾದುವು ಇವೆಯೆ, ಅಥವಾ ಅವಕ್ಕಾಗಿ ಚಿಕಿತ್ಸೆ ಆಗಿದೆಯೆ? ಕೆಳಗೆ ಎರಡು ಪುಟ್ಟ ವೃತ್ತಗಳು. ಒಂದು ಹೌದು, ಒಂದು ಇಲ್ಲ.

"ಇಲ್ಲ ಅಂತ ಒತ್ತಿ" ಎಂದರು ರಾಯರು. ಇದಕ್ಕೆ ಅವರು ತೆಗೆದುಕೊಂಡ ಕಾಲ ಅರ್ಧ ಕ್ಷಣ.

ಎರಡು ವರ್ಷದ ಹಿಂದೆ ರಾಯರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ದಿನ ಆಸ್ಪತ್ರೆಯ ಜಗಲಿಯಲ್ಲಿ ಅವರ ಪತ್ನಿಯೊಡನೆ ಕುಳಿತಿದ್ದವನು ನಾನು. ನನ್ನ ಬೆರಳು ನಿಂತಿತು. ರಾಯರು ಅದನ್ನು ಗಮನಿಸಿ ವಾದಕ್ಕೆ ಇಳಿದರು. ಆ ವಾದಗಳು ಅವರೊಬ್ಬರವಲ್ಲ. ಅರ್ಜಿಯ ಮುಂದೆ ಕುಳಿತ ನಮ್ಮೆಲ್ಲರವೂ ಆಗಿವೆ. ಆದುದರಿಂದ ಅವನ್ನು ನ್ಯಾಯವಾಗಿಯೇ ಮಂಡಿಸಬೇಕು.

ಒಂದು, ಕಾಯಿಲೆ ವಾಸಿಯಾಗಿದೆ. ದಿನವೂ ನಾಲ್ಕು ಮೈಲಿ ನಡೆಯುವವನನ್ನು ರೋಗಿ ಎನ್ನುವುದು ಹೇಗೆ? ಎರಡು, ಸುಳ್ಳು ಹೇಳುವುದು ಮನುಷ್ಯನಿಗೆ ಹೇಳಿದಾಗ. ಕಂಪನಿಗೆ ಮುಖವಿಲ್ಲ, ನೋಯುವ ಮನಸ್ಸಿಲ್ಲ, ಲಾಭಕ್ಕಾಗಿ ಕುಳಿತ ಲೆಕ್ಕದ ಪುಸ್ತಕ ಅದು. ಮೂರು, ಎಲ್ಲರೂ ಹಾಗೆಯೇ ಮಾಡುತ್ತಾರೆ; ಏಜೆಂಟನೇ ಫೋನಿನಲ್ಲಿ ಹಾಗೆ ಸೂಚಿಸಿದ್ದನು. ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿಯಾದುದು. ನಿಜ ಹೇಳಿದವನಿಗೆ ಕಂತು ಹೆಚ್ಚು, ರಕ್ಷಣೆ ಕಡಮೆ. ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಟ್ಟು, ಪ್ರಾಣಕ್ಕೆ ಅಪಾಯವಾದಾಗ ಮಾತ್ರ ಒಂದು ಮಿತಿಯವರೆಗೆ ಕೊಡುವ ಪಾಲಿಸಿಗಳೇ ನಮ್ಮಲ್ಲಿ ಹೆಚ್ಚು. ಹೃದಯ ಕೆಟ್ಟುದು ರಾಯರ ಅಪರಾಧವೆ? ಅಪರಾಧವಲ್ಲದುದಕ್ಕೆ ದಂಡ ಕಟ್ಟುವುದು ಯಾವ ನ್ಯಾಯ?

ನಾನು ಉಪದೇಶ ಮಾಡುವ ಸ್ಥಿತಿಯಲ್ಲಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮಗನ ಮನೆಗೆಂದು ಅಮೆರಿಕಕ್ಕೆ ಹೋಗುವಾಗ ರಕ್ತದೊತ್ತಡದ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡೇ ನಾನೂ ಇದೇ ಪ್ರಶ್ನೆಗೆ ಇಲ್ಲವೆಂದು ಉತ್ತರಿಸಿದ್ದೆ. ಏನೂ ಆಗಲಿಲ್ಲ; ಸುಖವಾಗಿ ಹೋಗಿ ಸುಖವಾಗಿ ಬಂದೆ. ಏನೂ ಆಗದೆ ಇದ್ದುದರಿಂದ ನಾನು ಮಾಡಿದುದು ಸರಿಯೆಂದೇ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಫಲ ಕೆಡದಿದ್ದರೆ ಬೀಜದ ವಿಚಾರ ನಾವು ಮಾಡುವುದಿಲ್ಲ.

ನಾನು ಸುಮ್ಮನಿರುವುದನ್ನು ಕಂಡು ರಾಯರಿಗೆ ಉತ್ಸಾಹ ಬಂದಿತು. ಮಾತು ತಿರುಗಿಸಲೆಂದು ಅವರು ಆಟದ ಕಥೆಯನ್ನೇ ಹೇಳತೊಡಗಿದರು. ಅವರ ಆರಾಧ್ಯದೈವ ಬಾಬಿ ಜೋನ್ಸ್. 1925ರಲ್ಲಿ ಅಮೆರಿಕದ ವೂಸ್ಟರಿನಲ್ಲಿ ಆ ದೇಶದ ಓಪನ್ ಪಂದ್ಯ. ಒರಟು ಹುಲ್ಲಿನಲ್ಲಿದ್ದ ಚೆಂಡನ್ನು ಹೊಡೆಯಲು ಅಣಿಯಾದಾಗ ಅದು ಕೂದಲೆಳೆಯಷ್ಟು ಕದಲಿತೆಂದು ಜೋನ್ಸ್ ತಾವೇ ಹೇಳಿ, ತಮ್ಮ ಲೆಕ್ಕಕ್ಕೆ ಒಂದು ಹೊಡೆತವನ್ನು ದಂಡವಾಗಿ ಸೇರಿಸಿಕೊಂಡರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಕೊನೆಯಲ್ಲಿ ಪಂದ್ಯ ವಿಲ್ಲಿ ಮ್ಯಾಕ್‌ಫರ್ಲೇನರೊಡನೆ ಸಮವಾಗಿ, ಮತ್ತೆ ಆಡಿ, ಜೋನ್ಸ್ ಸೋತರು. ಆ ಒಂದು ಹೊಡೆತವಿಲ್ಲದಿದ್ದರೆ ಮತ್ತೆ ಆಡುವ ಪ್ರಸಂಗವೇ ಇರಲಿಲ್ಲ, ಅವರೇ ಗೆದ್ದಿರುತ್ತಿದ್ದರು. ಜನ ಹೊಗಳಿದಾಗ, ಕಳವು ಮಾಡದವನನ್ನು ಯಾರಾದರೂ ಹೊಗಳುತ್ತಾರೆಯೆ ಎಂಬರ್ಥದ ಮಾತಾಡಿದರೆಂದು ಹೇಳುತ್ತಾರೆ. 1958ರಲ್ಲಿ ಸೇಂಟ್ ಆಂಡ್ರೂಸ್ ಊರು ಆತನಿಗೆ ಗೌರವದ ಪೌರತ್ವವನ್ನು ಕೊಟ್ಟಿತು. ಹಳೆಯ ಮೈದಾನದ ಹತ್ತನೆಯ ಕುಳಿಗೆ ಇಂದಿಗೂ ಆತನ ಹೆಸರಿದೆ. "ಆ ಕುಳಿಯ ಹತ್ತಿರ ನಿಂತು ಒಂದು ನಮಸ್ಕಾರ ಹಾಕಬೇಕು, ಅದಕ್ಕೇ ಹೋಗ್ತಿರೋದು" ಎಂದರು ರಾಯರು. ಅವರ ಕಣ್ಣು ತೇವವಾಗಿತ್ತು.

ತೆರೆಯ ಮೇಲೆ ಹೌದು ಮತ್ತು ಇಲ್ಲ ಎರಡೂ ಕಾಯುತ್ತಿದ್ದವು.

ಆಗ ನನಗೆ ಹೊಳೆದ ವಿಷಯವನ್ನೇ ವಾಚಕರ ಮುಂದಿಡಬೇಕೆಂದು ಈ ಬರಹ. ಗಾಲ್ಫ್ ಆಟಕ್ಕೂ ವಿಮೆಗೂ ಒಂದು ಗೂಢವಾದ ನಂಟಿದೆ. ಬೇರೆ ಆಟಗಳಲ್ಲಿ ಸೀಟಿ ಊದುವವನೊಬ್ಬ ಇರುತ್ತಾನೆ. ಗಾಲ್ಫ್ ಆಡುವವನು ಮೈಲಿಗಟ್ಟಲೆ ಹರಡಿದ ಹುಲ್ಲಿನಲ್ಲಿ, ಪೊದೆಗಳ ಮರೆಯಲ್ಲಿ, ಒಬ್ಬನೇ ಇರುತ್ತಾನೆ. ತನ್ನ ತಪ್ಪನ್ನು ತಾನೇ ಎಣಿಸದಿದ್ದರೆ ಎಣಿಸುವವರು ಯಾರೂ ಇಲ್ಲ. ವಿಮೆಯೂ ಹೀಗೆಯೇ. ನಿಮ್ಮ ದೇಹದ ಗುಟ್ಟು ನಿಮಗೆ ಗೊತ್ತು, ಕೇಳುವವನಿಗೆ ಗೊತ್ತಿಲ್ಲ. ಈ ವ್ಯವಹಾರ ನಿಂತಿರುವುದೇ ನೀವು ಹೇಳುವ ಮಾತಿನ ಮೇಲೆ.

ಅಪಾಯಕ್ಕೆ ಬೆಲೆ ಕಟ್ಟುವ ಪದ್ಧತಿ ನಮಗೆ ಹೊಸದಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಸಾಲ ತೆಗೆದುಕೊಂಡು ಕಾಡುದಾರಿಯಲ್ಲಿ ಹೋಗುವ ವರ್ತಕನಿಗೆ ತಿಂಗಳಿಗೆ ನೂರಕ್ಕೆ 10, ಸಮುದ್ರಯಾನ ಮಾಡುವವನಿಗೆ ನೂರಕ್ಕೆ 20 ಬಡ್ಡಿ ಎಂದಿದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಇದು ವಿಮೆಯಲ್ಲ, ಆದರೂ ಯಾವ ದಾರಿಯಲ್ಲಿ ಹೋಗುವೆ ಎಂಬ ಪ್ರಶ್ನೆಗೆ ವರ್ತಕನು ನಿಜ ಹೇಳದಿದ್ದರೆ ಈ ಲೆಕ್ಕ ನಡೆಯುವುದು ಹೇಗೆ?

ಇಂಗ್ಲೆಂಡಿನಲ್ಲಿ 1766ರಷ್ಟು ಹಿಂದೆಯೇ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನ್ಯಾಯಾಧೀಶರು ವಿಮೆಯ ಕರಾರಿನಲ್ಲಿ ಎರಡೂ ಕಡೆಯವರು ಪೂರ್ಣ ವಿಶ್ವಾಸದಿಂದ ನಡೆಯಬೇಕೆಂಬ ತತ್ತ್ವವನ್ನು ನೆಲೆಗೊಳಿಸಿದರು. ಮೊಕದ್ದಮೆ ಸುಮಾತ್ರದ ಒಂದು ಕೋಟೆಗೆ ಸಂಬಂಧಿಸಿದುದು. ಕೋಟೆ ದುರ್ಬಲವೆಂಬುದನ್ನು ಮುಚ್ಚಿಟ್ಟರೆಂದು ವಿಮೆ ಕೊಟ್ಟವನು ದೂರಿದನು. ಸ್ವಾರಸ್ಯವೇನೆಂದರೆ ಗೆದ್ದವನು ವಿಮೆ ಮಾಡಿಸಿದವನೇ. ತಾನೇ ತಿಳಿದುಕೊಳ್ಳಬಹುದಾಗಿದ್ದುದನ್ನು ತಿಳಿಯದವನಂತೆ ನಟಿಸಿ ಆಮೇಲೆ ತಪ್ಪಿಸಿಕೊಳ್ಳಲು ವಿಮೆ ಕೊಟ್ಟವನಿಗೆ ಹಕ್ಕಿಲ್ಲವೆಂದು ನಿರ್ಣಯವಾಯಿತು. ನಮ್ಮ ಸುಪ್ರೀಂ ಕೋರ್ಟಿನಲ್ಲೂ ಎರಡು ಬಗೆಯ ತೀರ್ಪುಗಳಿವೆ. ಬಹುಕಾಲದ ಮಧುಮೇಹವನ್ನೂ ಮೂತ್ರಪಿಂಡದ ಕಾಯಿಲೆಯನ್ನೂ ಅರ್ಜಿಯಲ್ಲಿ ತಿಳಿಸದಿದ್ದ ಪ್ರಕರಣದಲ್ಲಿ ಹಣ ಕೊಡಬೇಕಾಗಿಲ್ಲವೆಂದು 2009ರಲ್ಲಿ ತೀರ್ಮಾನವಾಯಿತು. ಅದೇ 2009ರಲ್ಲಿ ಬಂಧುಗಳ ಮದುವೆಗೆಂದು ಅಮೆರಿಕಕ್ಕೆ ಹೋದವರೊಬ್ಬರಿಗೆ ಇಳಿದ ವಿಮಾನನಿಲ್ದಾಣದಲ್ಲೇ ಹೃದಯಾಘಾತವಾಗಿ ಮೂರು ಸ್ಟೆಂಟ್ ಹಾಕಬೇಕಾಯಿತು. ಅವರು ಮಧುಮೇಹವಿರುವುದನ್ನು ಮೊದಲೇ ತಿಳಿಸಿದ್ದರು. ವೈದ್ಯರ ಪರೀಕ್ಷೆಯೂ ಆಗಿತ್ತು. ಆದರೂ ಕಂಪನಿ ಬೇರೊಂದು ಕಾರಣ ಹೇಳಿ ಕೈಯೆತ್ತಿತು. 2021ರಲ್ಲಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ತೀರ್ಪನ್ನು ಬರೆದವರು ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ನಾಗರತ್ನ ಅವರು. ತಿಳಿದೂ ಪಾಲಿಸಿ ಕೊಟ್ಟ ಮೇಲೆ, ಕಷ್ಟ ಬಂದಾಗ ಹಳೆಯ ಕಾಯಿಲೆಯನ್ನು ನೆಪ ಮಾಡಬಾರದೆಂಬುದು ಅದರ ಸಾರ. ಹೇಳಿದವನಿಗೆ ನಿಲ್ಲಲು ನೆಲವಿತ್ತು. ಆದರೆ ಆ ನೆಲ ಸಿಕ್ಕಿದುದು ಹನ್ನೆರಡು ವರ್ಷದ ಮೇಲೆ ಎಂಬುದನ್ನೂ ಮರೆಯಬಾರದು. ಸತ್ಯವಂತನ ದಾರಿ ಸುಗಮವೆಂದು ನಾನು ಹೇಳುತ್ತಿಲ್ಲ.

ಈಗ ರಾಯರ ವಾದಗಳಿಗೆ ಬರೋಣ. ಕಂಪನಿಗೆ ಮುಖವಿಲ್ಲ ಎಂಬುದು ನಿಜ. ಆದರೆ ಕಂಪನಿ ಕೊಡುವ ಹಣ ಎಲ್ಲಿಂದ ಬರುತ್ತದೆ? ಯಾತ್ರೆಗೆ ಹೊರಟ ಇನ್ನೊಬ್ಬ ಮುದುಕ, ಓದಲು ಹೊರಟ ಹುಡುಗಿ, ಮಗಳ ಬಾಣಂತನಕ್ಕೆಂದು ಮೊದಲ ಬಾರಿ ವಿಮಾನ ಹತ್ತುವ ತಾಯಿ, ಇವರೆಲ್ಲ ಒಂದೊಂದು ಹಿಡಿ ಅಕ್ಕಿ ಹಾಕಿದ ಪಾತ್ರೆ ಅದು. ಬಡಿಸುವವನು ಲಾಭಕೋರನಿರಬಹುದು, ಅಕ್ಕಿ ಅವನದಲ್ಲ. ನಿಜ ಹೇಳಿ ಹೆಚ್ಚು ಕಂತು ಕಟ್ಟಿದ ಇನ್ನೊಬ್ಬ ಹೃದಯರೋಗಿಯ ಪಕ್ಕದಲ್ಲಿ ನಾವು ಸುಳ್ಳು ಹೇಳಿ ಕಡಮೆ ಕಟ್ಟಿ ಕುಳಿತರೆ, ವಂಚನೆಯಾದುದು ಯಾರಿಗೆ?

ರೋಗಿಗೆ ಹೆಚ್ಚು ಕಂತು ಹಾಕುವುದು ನ್ಯಾಯವೆ ಎಂಬುದು ಬೇರೆ ಪ್ರಶ್ನೆ, ದೊಡ್ಡ ಪ್ರಶ್ನೆ. ಅದು ಅನ್ಯಾಯವೆಂದು ನನಗೂ ಅನ್ನಿಸುತ್ತದೆ. ಗಟ್ಟಿಯಿರುವವನು ದುರ್ಬಲನ ಭಾರವನ್ನು ಸ್ವಲ್ಪ ಹೊರುವುದೇ ಕೂಡಿ ಬಾಳುವುದರ ಅರ್ಥ. ಗಾಲ್ಫ್ ಆಟದಲ್ಲಿಯೇ ಹ್ಯಾಂಡಿಕ್ಯಾಪ್ ಎಂಬ ಸುಂದರವಾದ ಏರ್ಪಾಡಿದೆಯಂತೆ. ಸಾಮಾನ್ಯ ಆಟಗಾರನಿಗೆ ಇಷ್ಟು ಹೊಡೆತಗಳ ರಿಯಾಯಿತಿ ಕೊಟ್ಟು ನಿಪುಣನೊಡನೆ ಸಮನಾಗಿ ಆಡಿಸುತ್ತಾರೆ. ಅಲ್ಲಿ ದೌರ್ಬಲ್ಯಕ್ಕೆ ದಂಡವಿಲ್ಲ, ಅನುಗ್ರಹವಿದೆ. ಆದರೆ ಆ ಅನುಗ್ರಹವೂ ನಿಂತಿರುವುದು ತನ್ನ ನಿಜವಾದ ಬಲವನ್ನು ಒಪ್ಪಿ ಹೇಳುವುದರ ಮೇಲೆ. ಸುಳ್ಳು ಲೆಕ್ಕ ಕೊಟ್ಟು ರಿಯಾಯಿತಿ ಗಿಟ್ಟಿಸುವವನನ್ನು ರಾಯರ ಕ್ಲಬ್ಬಿನಲ್ಲಿ ಯಾರೂ ಜೊತೆಗೆ ಕರೆಯುವುದಿಲ್ಲ. ಅನ್ಯಾಯದ ಕಂತನ್ನು ಬದಲಾಯಿಸಬೇಕಾದರೆ ಕಾನೂನನ್ನು ಕೇಳಬೇಕು, ಪತ್ರಿಕೆಗೆ ಬರೆಯಬೇಕು, ಒಂದು ಪಾಲಿಸಿ ಬಿಟ್ಟು ನಾಲ್ಕು ಪಾಲಿಸಿ ವಿಚಾರಿಸಬೇಕು. ಸುಳ್ಳಿನಿಂದ ಅನ್ಯಾಯ ಹೋಗುವುದಿಲ್ಲ. ಅದರ ಭಾರ ಮಾತ್ರ ನಮ್ಮ ಹೆಗಲಿನಿಂದ ಪಕ್ಕದವನ ಹೆಗಲಿಗೆ ಹೋಗುತ್ತದೆ.

ಇದನ್ನೆಲ್ಲ ನಾನು ಆ ಸಂಜೆ ಹೇಳಿದೆನೆಂದು ವಾಚಕರು ಭಾವಿಸಬಾರದು. ಇವೆಲ್ಲ ರಾತ್ರಿ ನಿದ್ರೆ ಬಾರದಿದ್ದಾಗ ಹೊಳೆದುವು. ಆ ಸಂಜೆ ಮಾತಾಡಿದವರು ರಾಯರ ಪತ್ನಿ. ಅಲ್ಲಿಯವರೆಗೂ ಅವರು ಬಾಗಿಲಿನ ಬಳಿ ಕಾಫಿಯ ಲೋಟಗಳನ್ನು ಹಿಡಿದು ನಿಂತಿದ್ದರು.

"ಏನೂಂದ್ರೆ, ಒಂದು ಮಾತು ಕೇಳಲೆ?" ಎಂದರು. "ಅಲ್ಲಿ ಏನಾದರೂ ಆಗಿ ನೀವು ಮಾತಾಡೋ ಸ್ಥಿತೀಲಿ ಇಲ್ಲ ಅಂತಿಟ್ಟುಕೊಳ್ಳಿ. ಡಾಕ್ಟರು ನನ್ನನ್ನು ಕೇಳ್ತಾರೆ, ಇವರಿಗೆ ಹಿಂದೆ ಹೃದಯಕ್ಕೆ ಏನಾದರೂ ಮಾಡಿಸಿದ್ರಾ ಅಂತ. ಆಗ ನಾನು ಏನು ಹೇಳಲಿ? ಇದೆ ಅಂದರೆ ಪಾಲಿಸಿ ಹೋಗುತ್ತೆ. ಇಲ್ಲ ಅಂದರೆ ನೀವು ಹೋಗ್ತೀರ. ಈಗಲೇ ಹೇಳಿಕೊಟ್ಟುಬಿಡಿ, ಬಾಯಿಪಾಠ ಮಾಡಿಕೊಂಡಿರ್ತೀನಿ."

ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. ರಾಯರು ಉತ್ತರ ಕೊಡಲಿಲ್ಲ. ಪ್ರವಾಸಿಯಾಗಿ ಹೋದವನು ಆ ದೇಶದ ಆಸ್ಪತ್ರೆಯಲ್ಲಿ ಮಲಗಬೇಕಾದರೆ ಖರ್ಚು ಅವನದೇ ಎಂಬುದು ಅವರಿಗೆ ಗೊತ್ತಿತ್ತು. ಭಾಷೆ ಬೇರೆ, ಚಳಿ ಬೇರೆ, ಕೈಯಲ್ಲಿ ಒಂದು ಕಾಗದ. ಆ ಕಾಗದದಲ್ಲಿ ತನ್ನ ಗಂಡ ಹೇಳಿದ ಒಂದು ಸುಳ್ಳನ್ನು ಕಾಯುತ್ತ ನಿಂತ ಹೆಂಗಸು. ಸುಳ್ಳು ಹೇಳುವಾಗ ನಾವು ಒಬ್ಬರೇ ಹೇಳಿದೆವೆಂದುಕೊಳ್ಳುತ್ತೇವೆ. ಅದನ್ನು ಮುಂದುವರಿಸುವ ಕೆಲಸ ಮಾತ್ರ ನಮ್ಮನ್ನು ನಂಬಿದವರ ಪಾಲಿಗೆ ಬರುತ್ತದೆ. ಅದೂ ಅವರು ಅತ್ಯಂತ ಅಸಹಾಯರಾಗಿರುವ ಗಳಿಗೆಯಲ್ಲಿ. ಅಮೆರಿಕದಲ್ಲಿ ನನ್ನ ಜೇಬಿನ ಮಾತ್ರೆಯ ಗುಟ್ಟನ್ನು ನನ್ನ ಮನೆಯಾಕೆಗೂ ಹೊರಿಸಿದ್ದೆನಲ್ಲ ಎಂಬುದು ನನಗೆ ಹೊಳೆದುದೂ ಆಗಲೇ. ಆಕೆ ಏನೂ ಕೇಳಿರಲಿಲ್ಲ. ಕೇಳದಿದ್ದುದನ್ನು ನಾನು ಒಪ್ಪಿಗೆಯೆಂದು ಎಣಿಸಿದ್ದೆ.

ಬಹಳ ಹೊತ್ತಿನ ಮೇಲೆ ರಾಯರು, "ಚೆಂಡು ಕದಲಿತು ಸ್ವಾಮಿ, ಬರೆದುಕೊಳ್ಳಿ" ಎಂದರು.

ಹೌದು ಎಂಬುದನ್ನು ಒತ್ತಿದೆ. ಕಂಪನಿಯಿಂದ ಇನ್ನಷ್ಟು ಪ್ರಶ್ನೆಗಳು ಬಂದುವು. ವೈದ್ಯರ ಪತ್ರ ಬೇಕಾಯಿತು. ಮೊದಲನೆಯ ಕಂಪನಿ ಆಗದೆಂದಿತು, ಎರಡನೆಯದು ಒಪ್ಪಿತು. ಕಂತು ಹೆಚ್ಚೇ ಆಯಿತು. ಹೃದಯದ ಚಿಕಿತ್ಸೆಗೆ ಮಿತಿಯನ್ನೂ ಹಾಕಿದರು. ಮಿತಿ ಮೀರಿದರೆ ಎಂದು ಬ್ಯಾಂಕಿನಲ್ಲಿ ಸ್ವಲ್ಪ ಹಣವನ್ನು ರಾಯರು ಬೇರೆ ತೆಗೆದಿಟ್ಟರು. ಖರ್ಚು ಹೊಂದಿಸಲು ಕೋಲುಗಳ ರಕ್ಷಣೆಯನ್ನು ಕೈಬಿಟ್ಟರು. ಒಂದೇ ಹೊಡೆತದ ಕನಸನ್ನೂ ಕೈಬಿಟ್ಟರು. ಪರರ ಹಾನಿಯ ಷರತ್ತನ್ನು ಮಾತ್ರ ಉಳಿಸಿಕೊಂಡರು. ಉಳಿಸಿದವರು ಅವರೇ, ನಾನು ಹೇಳಿದುದಲ್ಲ.

ಹೋಗಿಬಂದರು. ಯಾವ ಅಪಾಯವೂ ಆಗಲಿಲ್ಲ. ಯಾವ ಚೆಂಡೂ ಒಂದೇ ಹೊಡೆತಕ್ಕೆ ಕುಳಿಗೆ ಬೀಳಲಿಲ್ಲ. ಲೆಕ್ಕ ನೋಡಿದರೆ ಕಟ್ಟಿದ ಹೆಚ್ಚಿನ ಕಂತು ಪೂರ್ತಿ ದಂಡವೇ. ಸುಳ್ಳು ಹೇಳಿ ಹೋಗಿದ್ದರೂ ಇಷ್ಟೇ ಸುಖವಾಗಿ ಬರುತ್ತಿದ್ದರೆಂಬುದನ್ನು ನಾನು ಅಲ್ಲಗಳೆಯಲಾರೆ. ಹತ್ತನೆಯ ಕುಳಿಯ ಬಳಿ ರಾಯರು ನಿಂತಿರುವ ಚಿತ್ರವೊಂದನ್ನು ಅವರ ಪತ್ನಿ ತೋರಿಸಿದರು. ಗಾಳಿಗೆ ಟೋಪಿ ಓರೆಯಾಗಿದೆ. ಕೈಗಳು ಜೋಡಿಸಿವೆಯೋ, ಚಳಿಗೆ ಉಜ್ಜಿಕೊಳ್ಳುತ್ತಿವೆಯೋ ಸ್ಪಷ್ಟವಾಗಿ ಕಾಣುವುದಿಲ್ಲ.

ಮುಂದಿನ ತಿಂಗಳು ನಾವು ಮತ್ತೆ ಮಗನ ಮನೆಗೆ ಹೊರಡಬೇಕು. ನಿನ್ನೆ ಅರ್ಜಿ ತುಂಬಲು ಕುಳಿತಾಗ ಮನೆಯಾಕೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.